ಆವಾರೆ ಹೂ ತಂಗಡಿಯಾದದ್ದು

ಕುರಿದೊಡ್ಡಿಯ ಬಾಗಿಲಲ್ಲಿ ನಿಂತುಕೊಂಡು ನಾನು ಆ ಅವ್ವನಿಗೆ ಒಂದು ಮಾತು ಕೊಟ್ಟಿದ್ದೆ. ಮಗಳ ಪುಸ್ತಕ ಅಚ್ಚಾದ ಮೇಲೆ ನಾನೇ ತಂದು, ಎದುರಿಗೆ ಕೂತು, ಮೊದಲಿಂದ ಕೊನೆವರೆಗೂ ಓದಿ ಕೇಳಿಸ್ತೀನಿ, ನೀನು ಆಡಿದ ಮಾತು ಆಡಿದ ಹಾಗೇ ಅದರಲ್ಲಿರ್ತದೆ ಅಂತ. ಕೊಡುವಾಗ ಯಾವ ಅಳುಕೂ ಇರಲಿಲ್ಲ. ಬರೆಯೋಳು ನಾನು, ಕತೆ ಅವಳ ಮಗಳದು, ನಡುವೆ ತಪ್ಪೋದಕ್ಕೆ ಏನಿದೆ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ನಡುವಿನ ಸಂಗತಿ ಇದು. ಬೆಂಗಳೂರಿನ ಒಂದು ಪ್ರಕಾಶನದವರು ಮಕ್ಕಳಿಗಾಗಿ ಮಹಿಳಾ ವಿಜ್ಞಾನಿಗಳ ಪುಟ್ಟ ಪುಟ್ಟ ಜೀವನಕತೆ ಮಾಡಿಸುತ್ತಿದ್ದರು. ಅವರ ಪಟ್ಟಿಯಲ್ಲಿ ಸೇಲಂ ಕಾಲೇಜೊಂದರ ಸಸ್ಯವಿಜ್ಞಾನಿಯ ಹೆಸರಿತ್ತು. ಕಾರಿಮಂಗಲದ ಹತ್ತಿರ, ಕುರಿ ಸಾಕುವ ಕನ್ನಡದ ಮನೆಯಲ್ಲಿ ಹುಟ್ಟಿದವಳು. ಬೆಂಗಳೂರಿಂದ ಬಂದು ಬರೆಯೋರು ಯಾರೂ ಸಿಗಲಿಲ್ಲವೇನೋ, ಮೆಟ್ಟೂರಿನಲ್ಲಿ ಕೂತು ಮಕ್ಕಳ ಕತೆ ಬರೆಯುವ ನನ್ನನ್ನು ಹಿಡಿದರು. ನನಗೂ ಆಸೆಯೇ. ನಮ್ಮ ಕಡೆಯ ಕನ್ನಡ ಬಾಯಲ್ಲಿ ಉಂಟು, ಪುಸ್ತಕದಲ್ಲಿಲ್ಲ. ಇಸ್ಕೂಲಲ್ಲಿ ತಮಿಳು, ಆಫೀಸಲ್ಲಿ ತಮಿಳು, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕನ್ನಡ. ಅಂಥ ಮನೆಯ ಹುಡುಗಿಯೊಬ್ಬಳ ಕತೆ ಕನ್ನಡದ ಅಕ್ಷರದಲ್ಲಿ ಬರುತ್ತದೆ ಅಂದರೆ ಬಿಡೋಕಾಗುತ್ತಾ?

ಮೊದಲ ಭೇಟಿ ಆಕೆಯ ಲ್ಯಾಬಿನಲ್ಲಿ. ನನಗಿಂತ ಚಿಕ್ಕವಳು, ತೆಳ್ಳಗೆ, ಪಿನ್ನು ಹಾಕದೆ ಹಾರುವ ಕೂದಲು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ್ದೇ, "ಬಾಕ್ಕಾ, ಒಳಕ್ಕೆ ಬಾ, ಕಾಪಿ ಕುಡ್ದಿದ್ಯಾ?" ಅಂದಳು. ಅಷ್ಟು ಸಾಕಾಯಿತು, ನಾನು ಸೋತುಹೋದೆ. ಸುತ್ತ ಹಳೇ ತಮಿಳು ಪೇಪರಿನ ನಡುವೆ ಒತ್ತಿಟ್ಟ ಗಿಡಗಳು. ಗಿಡ ಕಿತ್ತ ದಿನವೇ ಎಲೆ ಬಿಡಿಸಿ ಪೇಪರಿಗೆ ಹಾಕಿ ಒತ್ತಬೇಕು, ಪೇಪರು ತೇವ ಹೀರಿದ ಹಾಗೆ ಬದಲಾಯಿಸುತ್ತಾ ಹೋಗಬೇಕು, ಒಂದು ಸಲ ಸೋಮಾರಿತನ ಮಾಡಿದರೆ ಬೂಸು ಹಿಡಿದು ಎಲ್ಲಾ ಹಾಳು. ಕೆಲಸ ಮಾಡುತ್ತಲೇ ಮಾತಾಡಿದಳು.

ಆಕೆಯ ಸಂಶೋಧನೆ ಆವಾರೆ ಗಿಡದ ಮೇಲೆ. ಧರ್ಮಪುರಿ ರಸ್ತೆಯ ಇಕ್ಕೆಲದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ, ಬಿಸಿಲಿಗೆ ಎಲ್ಲಾ ಒಣಗಿರುವಾಗ ಹಳದಿಗೆ ಹೂ ಬಿಟ್ಟು ನಿಂತಿರುತ್ತಲ್ಲ, ಅದೇ. ಪೊಂಗಲ್ ಹಿಂದಿನ ದಿನ ನಮ್ಮ ಕಡೆ ಆವಾರೆ ಹೂ, ಬೇವಿನ ಸೊಪ್ಪು, ಪೂಳೆ ಹೂ ಮೂರನ್ನೂ ಸೇರಿಸಿ ಕಟ್ಟಿ ಮನೆ ಸೂರಿಗೆ ಸಿಕ್ಕಿಸುತ್ತೇವೆ, ಅದಕ್ಕೆ ಕಾಪು ಅನ್ನುತ್ತೇವೆ. ಆ ಹೂವಿನಲ್ಲಿ ಜೇನಿಲ್ಲವಂತೆ. ಪರಾಗ ಒಂದು ಸಣ್ಣ ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ. ಕರೀ ದುಂಬಿ ಬಂದು ಹೂ ತಬ್ಬಿಕೊಂಡು ಗುಂಯ್ ಅಂದರೆ ಆ ನಡುಕಕ್ಕೆ ಉದುರುತ್ತದೆ, ಬರೀ ಕೂತೆದ್ದು ಹೋದರೆ ಒಂದು ಚೂರೂ ಇಲ್ಲ. ಆಕೆ ಫಿಸಿಕ್ಸ್ ವಿಭಾಗದ ಶ್ರುತಿಕವೆ, ಅದೇ ಟ್ಯೂನಿಂಗ್ ಫೋರ್ಕು, ತಂದು ಮೇಜಿಗೆ ತಟ್ಟಿ ಹೂವಿಗೆ ಮುಟ್ಟಿಸಿದಳು. ಕರೀ ಕಾಗದದ ಮೇಲೆ ಹಳದಿ ಪುಡಿ ಬಿತ್ತು. ನಾನು ಮಕ್ಕಳ ಹಾಗೆ ಇನ್ನೊಂದ್ ಸಲ, ಇನ್ನೊಂದ್ ಸಲ ಅಂತ ಮಾಡಿಸಿದೆ. ಪುಸ್ತಕದ ನಡುವಿನ ಅಧ್ಯಾಯ ಅಲ್ಲೇ ಸಿಕ್ಕಿತು.

ಮೊದಲ ಅಧ್ಯಾಯಕ್ಕೆ ಊರಿಗೇ ಹೋಗಬೇಕಿತ್ತು. ಮೆಟ್ಟೂರಿಂದ ಮೇಚೇರಿ, ತೊಪ್ಪೂರು ಕಣಿವೆ, ಧರ್ಮಪುರಿ, ಅಲ್ಲಿಂದ ಇನ್ನೊಂದು ಬಸ್ಸು. ಅಪ್ಪ ಇರಲಿಲ್ಲ. ಅವ್ವ ಒಬ್ಬಳೇ ಅಲ್ಲ, ಮಗ ಸೊಸೆ ಮೊಮ್ಮಕ್ಕಳು ತುಂಬಿದ ಮನೆ. ಆದರೂ ಕುರಿ ಅವಳದೇ, ಹಟ್ಟಿಯ ಯಜಮಾನಿಕೆ ಅವಳದೇ. ಬಾಯಿ ಜೋರು. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ನನ್ನ ಕನ್ನಡ ಕೇಳಿ ಯಾವ ಊರು, ಯಾರ ಮಗಳು, ಎಷ್ಟು ಮಕ್ಕಳು ಎಲ್ಲಾ ಕಕ್ಕಿಸಿಬಿಟ್ಟಳು. ಆಮೇಲೇ ನನ್ನ ಸರದಿ.

ಅವಳು ಹೇಳಿದ ಕತೆ ಹೀಗಿತ್ತು. ಮಗಳು ಊರಿನ ತಮಿಳು ಇಸ್ಕೂಲು ಮುಗಿಸಿದಾಗ ಅಪ್ಪ ಸಾಕು ಅಂದ. ಕುರಿ ಹಿಂದೆ ಹೋಗಲಿ, ಓದಿ ಏನು ಕಡಿದು ಕಟ್ಟೆ ಹಾಕ್ತಾಳೆ ಅಂದ. ಇಸ್ಕೂಲಿನ ವಾತ್ಯಾರು, ಅಂದರೆ ಮೇಷ್ಟ್ರು, ಬಂದು ಹೇಳಿ ನೋಡಿದರು. ಅಪ್ಪ ತಲೆಯಾಡಿಸಿ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ, ಅಷ್ಟೇ. ಅವರು ಹೋದ ಮೇಲೆ ಅವ್ವ ದೊಡ್ಡಿಯ ಬಾಗಿಲಲ್ಲಿ ಗಂಡನಿಗೆ ಅಡ್ಡ ನಿಂತಳು. ನಿಂತು ಆಡಿದ ಮಾತನ್ನು ನನಗೂ ಅಲ್ಲೇ ನಿಂತು ಹೇಳಿದಳು:

"ಆವಾರೆ ಗಿಡಕ್ಕೆ ಯಾರಾನ ನೀರು ಉಯ್ದವ್ರಾ? ಅದ್ ಪಾಡ್ಗೆ ಅದು ಊ ಬುಡ್ತೈತೆ. ಇವ್ಳೂ ಅಂಗೇ. ಬುಡು, ಓಗ್ಲಿ."

ಅಲ್ಲೇ ಮಾತು ಕೊಟ್ಟೆ.

ಬರೆಯೋದು ಬೇಗ ಆಗಲಿಲ್ಲ. ಮಕ್ಕಳ ಪುಸ್ತಕದಲ್ಲಿ ವಾಕ್ಯ ಉದ್ದವಾದರೆ ಮಗು ಓಡಿಹೋಗುತ್ತದೆ. ಪರಾಗ, ಕೇಸರ ಅಂತ ಬರೆದರೆ ಪಾಠಪುಸ್ತಕದ ವಾಸನೆ ಬರುತ್ತದೆ. ಪ್ರತಿ ಅಧ್ಯಾಯ ಬರೆದ ಮೇಲೆ ಬಸ್ಸು ಹತ್ತಿ ಆ ಅಂಗಳಕ್ಕೆ ಹೋಗಿ ಓದುತ್ತಿದ್ದೆ. ಆ ಮನೆಯ ಮಕ್ಕಳಿಗೆ ಕನ್ನಡದ ಅಕ್ಷರ ಬಾರದು, ಕಿವಿ ಮಾತ್ರ ಉಂಟು. ಎಲ್ಲಿ ಅವರು ಕಲ್ಲು ಆಡೋಕೆ ಶುರು ಮಾಡಿದರೋ ಅಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿ, ಮನೆಗೆ ಬಂದು ಆ ಭಾಗ ಹೊಡೆದುಹಾಕುತ್ತಿದ್ದೆ. ಅವ್ವ ಕೂತು ಕೇಳುತ್ತಾ, ತನ್ನ ಮಾತು ಬರುವಾಗ ಮಾತ್ರ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಇನ್ನೊಂದು ಸಲ ಓದು ಅನ್ನುತ್ತಿದ್ದಳು. ಕತೆಯ ನಿರೂಪಣೆ ಸರಳ ಕನ್ನಡದಲ್ಲಿ, ಮನೆಯವರ ಮಾತು ಮಾತ್ರ ಮನೆಯ ಕನ್ನಡದಲ್ಲಿ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಈ ತೀರ್ಮಾನಕ್ಕೆ ಬೆಂಗಳೂರಿನಲ್ಲಿ ಕಲ್ಲು ಬಿತ್ತು. ಸಂಪಾದಕರು ಒಳ್ಳೆಯವರೇ, ಆದರೆ ನಯವಾಗಿ ಮಾತಾಡಿ ಕತ್ತರಿ ಹಾಕುವ ಜಾತಿ. ಮೊದಲ ಪ್ರೂಫು ಬಂದಾಗ ಅದರಲ್ಲಿ 'ಐತೆ' ಎಲ್ಲಾ 'ಇದೆ' ಆಗಿತ್ತು, 'ಓಗ್ಲಿ' ಎಲ್ಲಾ 'ಹೋಗಲಿ' ಆಗಿತ್ತು. ಅದಿರಲಿ, 'ಆವಾರೆ' ಅನ್ನೋದನ್ನ ಅಚ್ಚಿನ ತಪ್ಪು ಅಂತ ತಿಳಿದು ಆ ಮಹಾನುಭಾವರು ಪುಸ್ತಕದ ತುಂಬಾ 'ಅವರೆ' ಮಾಡಿದ್ದರು! ಚಿತ್ರಕಾರ ಪಾಪ ಅದನ್ನೇ ನಂಬಿ, ಪೊಂಗಲ್ ಹಬ್ಬದ ಚಿತ್ರದಲ್ಲಿ ಮನೆ ಸೂರಿಗೆ ಅವರೆಕಾಯಿ ಗೊಂಚಲು ನೇತುಹಾಕಿದ್ದ. ದುಂಬಿ ಅವರೆಕಾಯಿ ತಬ್ಬಿಕೊಂಡು ಗುಂಯ್ ಅನ್ನುತ್ತಿತ್ತು. ಕುರಿಗಳೋ, ಮೈತುಂಬಾ ಬಿಳೀ ಉಣ್ಣೆ. ನಮ್ಮ ಮೇಚೇರಿ ಕುರಿಗೆ ಉಣ್ಣೆಯೇ ಇಲ್ಲ, ಕಂದು ಬಣ್ಣ, ನುಣುಪು ಮೈ. ಇವು ಎಲ್ಲಿಂದ ವಲಸೆ ಬಂದವೋ ದೇವರೇ ಬಲ್ಲ.

ಪ್ರೂಫು ಎತ್ತಿಕೊಂಡು ಸೇಲಂಗೆ ಹೋದೆ. ಆಕೆ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಕ್ಕಾ, ನಾನಿಷ್ಟು ವರ್ಸ ಅವರೆಕಾಯ್ ಮೇಲಾ ರಿಸರ್ಚ್ ಮಾಡಿದ್ದು?" ಅಂತ ಹೊಟ್ಟೆ ಹಿಡಿದುಕೊಂಡಳು. ನಕ್ಕು ಮುಗಿದ ಮೇಲೆ ಇಬ್ಬರೂ ಕೂತು ಒಂದೊಂದು ಸಾಲೂ ತಿದ್ದಿದೆವು. ನಮ್ಮ ಮಾತು ನಮ್ಮ ಮಾತಾಗೇ ಇರಲಿ, ಬಿಡಬ್ಯಾಡ ಅಂತ ಆಕೆಯೇ ನನಗೆ ಧೈರ್ಯ ಹೇಳಿ ಕಳಿಸಿದಳು. ನಾನು ಎಸ್‌ಟಿಡಿ ಬೂತಿನಲ್ಲಿ ನಿಂತು ಸಂಪಾದಕರ ಜೊತೆ ಜಗಳವಾಡಿದೆ. ಕರ್ನಾಟಕದ ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂದರು. ಅವ್ವನ ಮಾತು ಯಾವ ಮಗುವಿಗೆ ಅರ್ಥವಾಗೋಲ್ಲ ಅಂತ ಕೇಳಿದೆ. ಪತ್ರ ಬರೆದೆ, ಮತ್ತೆ ಫೋನು ಮಾಡಿದೆ, ಕೊನೆಗೆ ನನ್ನ ಹಸ್ತಪ್ರತಿ ವಾಪಸು ಕಳಿಸಿ ಅಂದುಬಿಟ್ಟೆ. ಆಗ ಇಳಿದರು. ಆಯ್ತಮ್ಮ, ನಿಮ್ಮ ಮಾತಿಗೆ ಕೈ ಹಚ್ಚೋದಿಲ್ಲ ಅಂದರು. ಎರಡನೇ ಪ್ರೂಫಿನಲ್ಲಿ ಎಲ್ಲವೂ ಇತ್ತು. ಐತೆಯೂ ಇತ್ತು, ಓಗ್ಲಿಯೂ ಇತ್ತು, ಆವಾರೆ ಮೇಲೆ ದುಂಬಿಯೂ ಇತ್ತು, ಕುರಿಯ ಉಣ್ಣೆಯೂ ಉದುರಿತ್ತು.

ಕೊನೆಯ ಪ್ರೂಫನ್ನು ಯಾರಿಗೆ ಕಳಿಸೋಣ ಅಂತ ಅವರು ಕೇಳಿದರು. ವಿಜ್ಞಾನದ ತಪ್ಪು ಒಂದೂ ಉಳಿಯಬಾರದು, ಆಕೆಗೇ ಕಳಿಸಿ ಅಂದೆ. ಕೆಲವು ದಿನ ಬಿಟ್ಟು ನಾನು ಫೋನು ಮಾಡಿ, ಪ್ರೂಫು ನೋಡಿದ್ಯಾ ಅಂತ ಕೇಳಿದೆ.

"ನೋಡಿ ಕಳ್ಸ್‌ಬುಟ್ಟೆ ಅಕ್ಕಾ. ಎಲ್ಲಾ ಸರ್ಯಾಗೈತೆ," ಅಂದಳು.

ಆ 'ಐತೆ' ಇವತ್ತಿಗೂ ನನ್ನ ಕಿವಿಯಲ್ಲಿ ಚುಚ್ಚುತ್ತದೆ.

ಪುಸ್ತಕದ ಪಾರ್ಸಲು ಬಂದದ್ದು ಪೊಂಗಲ್‌ಗೆ ಎರಡು ಮೂರು ವಾರ ಇರುವಾಗ. ಒಲೆ ಮೇಲಿನ ಸಾರು ಇಳಿಸಿ, ಕೈ ಒರೆಸಿಕೊಂಡು ಬಿಚ್ಚಿದೆ. ಮುಖಪುಟ ಚೆನ್ನಾಗಿತ್ತು. ಒಳಗೆ ಹಬ್ಬದ ಪುಟ ತೆಗೆದೆ. "ತಂಗಡಿ ಹೂ, ಬೇವಿನ ಎಲೆ ಮತ್ತು ಬಿಳಿಹಿಂಡಿ ಸೊಪ್ಪನ್ನು ಸೇರಿಸಿ ಕಟ್ಟುತ್ತಾರೆ" ಅಂತಿತ್ತು. ಪುಟ ಹಿಂದಕ್ಕೆ ತಿರುಗಿಸಿದೆ. ಒಂದು ಐತೆ ಇಲ್ಲ, ಒಂದು ಅಂಗೇ ಇಲ್ಲ. ಅವ್ವ "ಊಟ ಮಾಡು ಮಗಳೇ" ಅನ್ನುತ್ತಿದ್ದಳು, ಬೆಂಗಳೂರಿನ ಟೀವಿಯ ಅವ್ವನ ಹಾಗೆ. ಮೊದಲ ಅಧ್ಯಾಯದ ಕೊನೆಗೆ ಬಂದೆ. ದೊಡ್ಡಿಯ ಬಾಗಿಲೇ ಇರಲಿಲ್ಲ. ಮನೆಗೆ ಬಂದ ಮೇಷ್ಟ್ರು ಅಪ್ಪನಿಗೆ ಹೇಳುತ್ತಿದ್ದರು: "ತಂಗಡಿ ಗಿಡಕ್ಕೆ ಯಾರೂ ನೀರೆರೆಯುವುದಿಲ್ಲ. ಆದರೂ ಅದು ಹೂ ಬಿಡುತ್ತದೆ. ನಿಮ್ಮ ಮಗಳೂ ಹಾಗೆಯೇ. ಅವಳನ್ನು ಓದಲು ಕಳುಹಿಸಿ." ಅವ್ವ ಪಕ್ಕದಲ್ಲಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು.

ಸಂಪಾದಕರ ವಂಶವನ್ನೇ ಬಾಯಿಗೆ ಹಾಕಿಕೊಂಡು ಬೈಯುತ್ತಾ ಚಪ್ಪಲಿ ಮೆಟ್ಟಿ ಬೂತಿಗೆ ಹೊರಟೆ. ಅಣೆಕಟ್ಟಿನ ರಸ್ತೆಯ ತಿರುವಿನವರೆಗೂ ಬೈದೆ. ಅಲ್ಲಿ ಕಾಲು ನಿಂತುಹೋಯಿತು. ಆವಾರೆಯನ್ನು ಅವರೆ ಅಂದುಕೊಂಡ ಮನುಷ್ಯನಿಗೆ ಕರ್ನಾಟಕದಲ್ಲಿ ಅದನ್ನೇ ತಂಗಡಿ ಅಂತಾರೆ ಅನ್ನೋದು ಎಲ್ಲಿಂದ ಗೊತ್ತಾಗಬೇಕು? ಹೋಗಲಿ, ತಂಗಡಿಯನ್ನು ಯಾರಾದರೂ ಹೇಳಿದರು ಅನ್ನೋಣ. ನಮ್ಮ ಪೂಳೆ ಹೂವಿಗೆ ಕರ್ನಾಟಕದಲ್ಲಿ ಬಿಳಿಹಿಂಡಿ ಅಂತಾರೆ ಅನ್ನೋದು ನನಗೇ ಗೊತ್ತಿರಲಿಲ್ಲ, ಆಕೆಯ ಲ್ಯಾಬಿನಲ್ಲಿ ಒತ್ತಿಟ್ಟ ಗಿಡದ ಚೀಟಿ ಓದಿ ತಿಳಿದುಕೊಂಡಿದ್ದೆ. ಪುಸ್ತಕದಲ್ಲಿ ಒಂದೇ ಒಂದು ಗಿಡದ ಹೆಸರೂ ತಪ್ಪಿರಲಿಲ್ಲ. ಅಷ್ಟು ಸರಿಯಾಗಿ ತಿದ್ದಬಲ್ಲ ಕೈ ಈ ಪುಸ್ತಕದ ಹತ್ತಿರ ಒಂದೇ ಇತ್ತು.

ಬೂತಿಗೆ ಹೋಗಲಿಲ್ಲ. ಕಾಯೋ ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಫೋನು ಮಾಡಿ ಯಾರಿಗೆ ಏನು ಹೇಳೋದು? ಸೇಲಂ ಬಸ್ಸು ಹತ್ತಿದೆ.

ಆಕೆ ಲ್ಯಾಬಿನಲ್ಲೇ ಇದ್ದಳು. ಪುಸ್ತಕವನ್ನು ಅವಳ ಪೇಪರು ಗಿಡಗಳ ಮೇಲೆ ಇಟ್ಟೆ. ನಿನ್ನ ಕೆಲಸವೇ ಅಂತ ಕೇಳಿದೆ. ಆಕೆ ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ. ತಾನೇ ತಿದ್ದಿ, ಲೇಖಕಿಯ ಒಪ್ಪಿಗೆ ಇದೆ ಅಂತ ಒಂದು ಸಾಲು ಬರೆದು ಕಳಿಸಿದ್ದಳಂತೆ. ಸಂಪಾದಕರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ಯಾಕೆ ಕೇಳ್ತಾರೆ?

ಯಾಕೆ ಅಂದೆ. ಆಕೆ ಹೇಳಿದಳು. ಓದೋಕೆ ಬೆಂಗಳೂರಿಗೆ ಹೋದಾಗ ಹಾಸ್ಟೆಲಿನಲ್ಲಿ ಅವಳು ಬಾಯಿ ತೆಗೆದರೆ ಹುಡುಗಿಯರು ಸುತ್ತ ಕೂತು, ಇನ್ನೊಂದು ಸಲ ಹೇಳೇ ಅಂತ ನಗುತ್ತಿದ್ದರಂತೆ. ಇದು ತಮಿಳೋ ಕನ್ನಡವೋ ಅಂತ ಕೇಳುತ್ತಿದ್ದರಂತೆ. ಅವರ ನಡುವೆಯೇ ಹಠ ಹಿಡಿದು ಕನ್ನಡದ ಅಕ್ಷರ ಕಲಿತದ್ದು. ಸೇಲಂಗೆ ಬಂದರೆ ಇಲ್ಲಿಯವರಿಗೆ ಇವಳು ಕನ್ನಡದವಳು. ಅಂದು ನಕ್ಕವರೇ ಈಗ ಅಲ್ಲಿ ಮೇಡಂಗಳು, ಅವರ ಮಕ್ಕಳೇ ಈ ಪುಸ್ತಕ ಓದೋರು. ಒಂದು ಪುಸ್ತಕದಲ್ಲಾದರೂ ತಾನು ಸರಿಯಾದ ಕನ್ನಡದ ಮನೆಯಲ್ಲಿ ಹುಟ್ಟಿರಲಿ ಅನ್ನಿಸಿತಂತೆ.

ನನಗೆ ಅರ್ಥವಾಗಲಿಲ್ಲ ಅಂತಲ್ಲ. ಅರ್ಥವಾದದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. ಮಾತು ತಿದ್ದಿದೆ, ಸರಿ, ಅವ್ವನ ಬಾಯಿಂದ ಕಿತ್ತು ಮೇಷ್ಟ್ರಿಗೆ ಯಾಕೆ ಕೊಟ್ಟೆ ಅಂದೆ. ಒಣಗಿದ ಗಿಡದ ಮೇಲಿನ ಪೇಪರು ಎತ್ತಿದಳು, ಮತ್ತೆ ಹಾಕಿದಳು. ಆಮೇಲೆ ನನ್ನ ಮುಖ ನೋಡದೆ, "ವಿಡುಂಗ ಅಕ್ಕಾ. ಮುಡಿಂಜು ಪೋಚ್ಚು," ಅಂದಳು. ಬಿಡಿ ಅಕ್ಕಾ, ಮುಗಿದುಹೋಯಿತು ಅಂತ. ಅಷ್ಟು ತಿಂಗಳಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ತಮಿಳು ಅದು. ಹೋಗಿ ಬಾ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಎದ್ದು ಬಂದೆ.

ಪುಸ್ತಕದ ಮೇಲೆ ನನ್ನ ಹೆಸರೇ ಇತ್ತು. ಅದನ್ನು ತೆಗೆಸಬೇಕು ಅಂತ ಪತ್ರ ಬರೆದೆ, ಮುಂದಿನ ಮುದ್ರಣದಲ್ಲಿ ನೋಡೋಣ ಅಂತ ಉತ್ತರ ಬಂತು. ಉಳಿದದ್ದು ಅವ್ವನಿಗೆ ಕೊಟ್ಟ ಮಾತು. ಹೋಗದೆ ಇದ್ದುಬಿಡಬಹುದಿತ್ತು. ಮನೆಯಲ್ಲೂ ಹಾಗೇ ಅಂದರು, ನಿನಗ್ಯಾಕೆ ಊರ ಉಸಾಬರಿ ಅಂತ. ಆದರೆ ಮಾತು ತಪ್ಪಿದವಳು ಆ ಮಗಳು, ನಾನೂ ತಪ್ಪಿದರೆ ಇಬ್ಬರಿಗೂ ಏನು ವ್ಯತ್ಯಾಸ? ಬಸ್ಸಿನಲ್ಲಿ ಕೂತು ಉಪಾಯ ಮಾಡಿದೆ. ಪುಸ್ತಕ ಬಿಚ್ಚಿ ಹಿಡಿಯೋದು, ಬಾಯಲ್ಲಿ ನಾನು ಬರೆದದ್ದನ್ನೇ ಹೇಳೋದು. ಆ ಅಂಗಳದಲ್ಲಿ ಅಷ್ಟು ಸಲ ಓದಿ ನನಗೆ ಎಲ್ಲಾ ಬಾಯಿಪಾಠ. ಅಕ್ಷರ ಬಾರದ ಹೆಂಗಸಿಗೆ ಏನು ಗೊತ್ತಾಗುತ್ತೆ ಅಂದುಕೊಂಡೆ.

ಹೋದಾಗ ಅವ್ವ ಕಾಪು ಕಟ್ಟೋಕೆ ಆವಾರೆ, ಬೇವು, ಪೂಳೆ ಎಲ್ಲಾ ಮುಂದೆ ಹರಡಿಕೊಂಡು ಕೂತಿದ್ದಳು. ಪುಸ್ತಕ ಕಂಡು ಸೆರಗಲ್ಲಿ ಕೈ ಒರೆಸಿಕೊಂಡು ಮುಟ್ಟಿ ನೋಡಿದಳು. ಕುರಿ ಚಿತ್ರ ನೋಡಿ ಇದು ನಮ್ದೇ ಅಂದಳು. ನಾನು ಓದೋಕೆ ಶುರು ಮಾಡಿದೆ. ಅಪ್ಪ ಸಾಕು ಅಂದ, ವಾತ್ಯಾರು ಬಂದರು, ಮಜ್ಜಿಗೆ ಕುಡಿದು ಹೋದರು. ಅವ್ವ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು. ಆವಾರೆ ಗಿಡಕ್ಕೆ ಯಾರಾನ ನೀರು ಉಯ್ದವ್ರಾ ಅಂದೆ. ಅವಳ ಕೈಯಲ್ಲಿದ್ದ ಹೂ ನಿಂತಿತು. ಇನ್ನೊಂದು ಸಲ ಓದು ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ.

"ಅಮ್ಮಣಿ, ನೀನು ಬುಕ್ಕ ನೋಡ್ತಾನೇ ಇಲ್ಲ," ಅಂದಳು. "ಅದ್ರಲ್ಲಿ ಇಲ್ವಾ?"

ಇಲ್ಲ ಅಂತ ತಲೆಯಾಡಿಸಿದೆ. ಯಾರು ತೆಗೆದರು ಅಂತ ಅವಳು ಕೇಳಲೇ ಇಲ್ಲ. ನನಗೆ ಅಳು ಬಂದುಬಿಟ್ಟಿತು, ಸಿಟ್ಟಿನ ಅಳು. ಅವ್ವ ಹೂ ಪಕ್ಕಕ್ಕೆ ಸರಿಸಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ಮಗಳಿಗೆ ಡಾಕ್ಟರ್ ಪದವಿ ಕೊಟ್ಟ ದಿನ ತನ್ನನ್ನು ಬೆಂಗಳೂರಿಗೆ ಕರೆಸಿಕೊಂಡಿದ್ದಳು ಅಂದಳು. ಹೊಸ ಸೀರೆ ಉಡಿಸಿ, ತಲೆ ಬಾಚಿ, ಮುಂದಿನ ಸಾಲಿನಲ್ಲಿ ಕೂರಿಸಿದ್ದಳಂತೆ. ಕೂರಿಸುವಾಗ ಕಿವಿಯಲ್ಲಿ ಒಂದು ಮಾತು ಹೇಳಿದ್ದಳಂತೆ.

"ಅವ್ವಾ, ಯಾರ್ ಕೇಳುದ್ರೂ ನಕ್ಬುಡು, ಬಾಯ್ ಮಾತ್ರ ತೆಗೀಬ್ಯಾಡ ಅಂದ್ಲು. ನಾ ದಿನವೆಲ್ಲಾ ನಕ್ಕೊಂಡೇ ಕುಂತಿದ್ದೆ. ನಾ ಅವತ್ತೇ ಅತ್ತು ಮುಗ್ಸಿವ್ನಿ. ನೀ ಈಗ ಸುರು ಮಾಡಿದ್ದೀಯೆ."

ಅವಳು ಮತ್ತೆ ಹೂ ಕೈಗೆ ತೆಗೆದುಕೊಂಡು, ಈಗ ಅದರಲ್ಲಿ ಏನೈತೋ ಅದನ್ನೇ ಓದು ಅಂದಳು. ಬೇಡ ಅವ್ವಾ ಅಂದೆ. ಓದು ಅಂದಳು, ಗಂಡನಿಗೆ ಅಡ್ಡ ನಿಂತವಳ ದನಿಯಲ್ಲಿ. ಓದಿದೆ. ತಂಗಡಿ ಗಿಡಕ್ಕೆ ಯಾರೂ ನೀರೆರೆಯುವುದಿಲ್ಲ ಅಂತ ಮೇಷ್ಟ್ರು ಹೇಳಿದ್ದನ್ನು, ಅಪ್ಪ ತಲೆದೂಗಿದ್ದನ್ನು, ಪಕ್ಕದಲ್ಲಿ ಅವ್ವ ಮಜ್ಜಿಗೆ ಲೋಟ ಹಿಡಿದು ನಿಂತದ್ದನ್ನು ಅಕ್ಷರ ಬಿಡದೆ ಓದಿದೆ.

ಅವ್ವ ಬೇವಿನ ಕಡ್ಡಿ, ಪೂಳೆ, ಆವಾರೆ ಮೂರನ್ನೂ ಸೇರಿಸಿ ನಾರು ಸುತ್ತಿ ಗಂಟು ಬಿಗಿದಳು. ಆ ವಾತ್ಯಾರು ತುಂಬಾ ಒಳ್ಳೇರು ಅಂದಳು. ತಿರುಚೆಂಗೋಡು ಕಡೆಯವರಂತೆ, ಮಕ್ಕಳಿಗೆ ಒಂದು ಏಟು ಹೊಡೆದವರಲ್ಲವಂತೆ. ಆಮೇಲೆ ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಡಿದು ನನ್ನ ಮುಖ ನೋಡಿದಳು.

"ಆದ್ರೆ ಅವ್ರಿಗೆ ಕನ್ನಡ ಒಂದಕ್ಸರಾನೂ ಬತ್ತಿರ್ಲಿಲ್ವಲ್ಲಾ, ಅಮ್ಮಣಿ."